ಸೈಕಲ್ ತುಳಿಯೂದು ಓಟ, ಕಬಡ್ಡಿ, ಕುಸ್ತಿಗಿಂತ ಹಗುರ ಏನು?

ನವಲೂರ ಏರು:
ಹುಬ್ಬಳ್ಳಿಯಿಂದ ಧಾರವಾಡಕ್ಕ ಹೋಗಿ ಬಂದರ ಹೆಚ್ಚುಕಡಿಮಿ 40 ಕಿ.ಮೀ. ಗಂಟೆಗೆ 20 ಕಿ.ಮೀ. ವೇಗ, ಗೇರ್ ಇರೋ ಎಂಟಿಬಿ (ಮೌಂಟೇನ್ ಬೈಕ್), ಸವಾರನ ತೂಕ 70 ಕೆ.ಜಿ. ಅಂತ ಹಿಡೀರಿ. ಇದು ಎಷ್ಟು ಕಿ.ಮೀ. ಓಟಕ್ಕ ಸಮ? ಗರಡಿ ಮನಿ ಮಂದಿ ‘ಅದು ಕುಂತು ಆಡೋ ಆಟ’ ಅಂತಾರ. ಆ್ಯಪ್ ನೋಡಿದ್ರ 1,100 ಕ್ಯಾಲರಿ (ಅಂದರ ಕಿಲೋಕ್ಯಾಲರಿ) ತೋರಸತೈತಿ. ಎರಡರಾಗ ಯಾವುದು ಖರೆ? ಅಂದಾಜಿನ ಮಾತು ಬ್ಯಾಡ, ಲೆಕ್ಕ ಬೇಕು.

ಉಣಕಲ್ ದಂಡೆ:
ಮೊದಲು ಆ್ಯಪ್‌ನ ಲೆಕ್ಕ ಬಿಡಿಸೋಣ. ಸುಮ್ಮನೆ ಕೂತಾಗ ದೇಹ ಉರಿಸುವ ಶಕ್ತಿಗೆ 1 ಮೆಟ್ ಎನ್ನುತ್ತಾರೆ. ಅಂದರೆ ಒಂದು ಕೆ.ಜಿ. ತೂಕಕ್ಕೆ ಗಂಟೆಗೆ ಸುಮಾರು 1 ಕಿಲೋಕ್ಯಾಲರಿ. ಆ್ಯಪ್‌ಗಳು ಬಳಸುವ ಪಟ್ಟಿಯಲ್ಲಿ 19ರಿಂದ 22 ಕಿ.ಮೀ. ವೇಗದ ಸೈಕ್ಲಿಂಗಿಗೆ 8 ಮೆಟ್ ಇದೆ. 70 × 8 × 2 = 1,120. ಅಲ್ಲಿಗೆ ಮುಗಿಯಿತು. ನಿಮ್ಮ ಟೈರ್ ಯಾವುದು, ಗಾಳಿ ಎತ್ತ ಬೀಸುತ್ತಿದೆ, ರಸ್ತೆ ಏರೋ ಇಳಿಜಾರೋ ಎಂಬುದು ಆ ಪಟ್ಟಿಗೆ ಬೇಕಾಗಿಲ್ಲ.

ಸರಿಯಾದ ದಾರಿ ವ್ಯಾಟ್, ಅಂದರೆ ಪೆಡಲಿಗೆ ಕಾಲು ಕೊಡುವ ಶಕ್ತಿಯ ಅಳತೆ. ಸವಾರ, ಸೈಕಲ್ ಸೇರಿ 84 ಕೆ.ಜಿ., ಗುಬ್ಬಿ ಟೈರ್ (ಮೇಲೆ ಉಬ್ಬುಗಳಿರುವ ಟೈರ್), ನೆಟ್ಟಗೆ ಕೂತ ಭಂಗಿ, ಗಾಳಿ ಇಲ್ಲದ ಸಮತಟ್ಟು ಡಾಂಬರು ಎಂದಿಟ್ಟುಕೊಂಡರೆ, 20 ಕಿ.ಮೀ. ವೇಗಕ್ಕೆ ಪೆಡಲ್ ಮೇಲೆ ಸುಮಾರು 90 ವ್ಯಾಟ್ ಬೇಕು. 25ಕ್ಕೆ 145. 30ಕ್ಕೆ 220. ವೇಗ ಒಂದೂವರೆ ಪಟ್ಟಾದರೆ ಶ್ರಮ ಎರಡೂವರೆ ಪಟ್ಟು ಹತ್ತಿರ ಹೋಗುತ್ತದೆ, ಏಕೆಂದರೆ ಗಾಳಿಯನ್ನು ಸೀಳಲು ಬೇಕಾದ ವ್ಯಾಟ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ.

ತಿಂದದ್ದರಲ್ಲಿ ಪೆಡಲ್ ತಲುಪುವುದು ನೂರಕ್ಕೆ 20ರಿಂದ 25 ಪಾಲು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಒಂದು ಕಿಲೋಕ್ಯಾಲರಿ ಎಂದರೆ 4.18 ಕಿಲೋಜೂಲ್. ಈ ಎರಡೂ ಒಂದಕ್ಕೊಂದು ಹೊಡೆದುಹೋಗಿ, ಪೆಡಲ್ ಮೇಲಿನ ಒಂದು ಕಿಲೋಜೂಲಿಗೆ ದೇಹ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲರಿ ಉರಿಸುತ್ತದೆ. ಒಂದು ವ್ಯಾಟ್ ಒಂದು ಗಂಟೆ ಎಂದರೆ 3.6 ಕಿಲೋಜೂಲ್, ಹಾಗಾಗಿ ಲೆಕ್ಕ ಸುಲಭ: ವ್ಯಾಟ್ × ಗಂಟೆ × 3.6. ನಿಮ್ಮದು 90 × 2 × 3.6, ಸುಮಾರು 650 ಕಿಲೋಕ್ಯಾಲರಿ. ಓಟಕ್ಕೆ ಕೆ.ಜಿ.ಗೆ, ಕಿಲೋಮೀಟರಿಗೆ 1 ಕಿಲೋಕ್ಯಾಲರಿ. ನಿಧಾನ ಓಡಲಿ, ಜೋರಾಗಿ ಓಡಲಿ, ಹೆಚ್ಚು ವ್ಯತ್ಯಾಸವಿಲ್ಲ. ಹಾಗಾಗಿ ನಿಮ್ಮ 40 ಕಿ.ಮೀ. ಎಂದರೆ 9 ಕಿ.ಮೀ.ಗೆ ಸ್ವಲ್ಪ ಮೇಲಿನ ಓಟ. ಇದಕ್ಕೆ ಪ್ರತಿ 100 ಮೀಟರ್ ಏರಿಗೆ ಸುಮಾರು 80 ಕಿಲೋಕ್ಯಾಲರಿ ಕೂಡಿಸಿ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಆದರೆ ಬರುವಾಗಿನ ಇಳಿಜಾರಿನಲ್ಲಿ ಒಂದಿಷ್ಟು ವಾಪಸ್ ಸಿಗುತ್ತದೆ.

ಗರಡಿಯವರ ಮಾತೂ ಪೂರ್ತಿ ಸುಳ್ಳಲ್ಲ. 20 ಕಿ.ಮೀ. ವೇಗದಲ್ಲಿ ಸೈಕಲ್ ನಿಜವಾಗಿಯೂ ಹಗುರ. ಅದೇ 40 ಕಿ.ಮೀ.ಯನ್ನು 30ರ ವೇಗದಲ್ಲಿ ಮುಗಿಸಿ ನೋಡಲಿ: 220 ವ್ಯಾಟ್, ಒಂದು ಗಂಟೆ 20 ನಿಮಿಷ, 1,050ರ ಹತ್ತಿರ.

ಹಾವೇರಿ ಓಟಗಾರ:
ಕ್ಯಾಲರಿ ಒಂದನ್ನೇ ಹಿಡಿದರೆ ಹೋಲಿಕೆ ದಾರಿ ತಪ್ಪುತ್ತದೆ. ಯಾವ ಆಟ ದೇಹದ ಯಾವ ಭಾಗವನ್ನು ದಣಿಸುತ್ತದೆ ಎಂಬುದು ಮುಖ್ಯ.

ಓಟದಲ್ಲಿ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಪೆಟ್ಟು ಕಾಲಿಗೆ ಬೀಳುತ್ತದೆ. ಆ ಪೆಟ್ಟನ್ನು ತಡೆಯುವಾಗ ತೊಡೆಯ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತದೆ. ಮರುದಿನ ಮೆಟ್ಟಿಲು ಇಳಿಯಲಾಗದ ನೋವು ಬರುವುದು ಅದರಿಂದ. ಪೆಡಲಿನಲ್ಲಿ ಸ್ನಾಯು ಕುಗ್ಗುತ್ತಾ ತಳ್ಳುತ್ತದೆ ಅಷ್ಟೇ. ತೂಕವನ್ನು ಸೀಟು ಹೊರುತ್ತದೆ. ಅದಕ್ಕೇ ಸೈಕಲನ್ನು ದಿನಾ ಮೂರು ತಾಸು ತುಳಿಯಬಹುದು, ಓಟವನ್ನು ಹಾಗೆ ಓಡಲಾಗದು. ಟೂರ್ ಡಿ ಫ್ರಾನ್ಸ್‌ನಲ್ಲಿ 21 ಹಂತಗಳಲ್ಲಿ 3,400 ಕಿ.ಮೀ. ಆಸುಪಾಸು ತುಳಿಯುತ್ತಾರೆ, ನಡುವೆ ಎರಡೇ ದಿನ ವಿಶ್ರಾಂತಿ. ಪೆಟ್ಟು ಬೀಳುವ ಆಟದಲ್ಲಿ ಇದು ಆಗದ ಮಾತು.

ಇದರ ಇನ್ನೊಂದು ಮುಖವನ್ನು ಯಾರೂ ಹೇಳುವುದಿಲ್ಲ. ಪೆಟ್ಟಿಲ್ಲದಿದ್ದರೆ ಮೂಳೆ ಗಟ್ಟಿಯಾಗುವುದಿಲ್ಲ. ವರ್ಷಗಟ್ಟಲೆ ಬರೀ ರೋಡ್ ಸೈಕಲ್ ತುಳಿದವರ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ವಾರಕ್ಕೆ ಎರಡು ದಿನ ಬಸ್ಕಿ, ಹಗ್ಗ ಜಿಗಿತ, ಇಲ್ಲವೇ ಭಾರ ಎತ್ತುವುದು ಸೈಕಲ್ ಸವಾರರಿಗೆ ಬೇಕೇ ಬೇಕು.

ಕಬಡ್ಡಿಯ ರೇಡ್ 30 ಸೆಕೆಂಡ್. ಒಲಿಂಪಿಕ್ ಮಾದರಿ ಕುಸ್ತಿಯ ಪಂದ್ಯ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಕೈ, ಕತ್ತು, ಬೆನ್ನು, ಕಾಲು ಎಲ್ಲವೂ ಒಟ್ಟಿಗೆ ಬಿಗಿಯುತ್ತವೆ, ಸ್ನಾಯು ಕೇಳಿದಷ್ಟು ಆಮ್ಲಜನಕ ಒದಗುವುದೇ ಇಲ್ಲ. ಸೈಕಲಿನಲ್ಲಿ ಆ ಉಸಿರುಗಟ್ಟುವ ಸ್ಥಿತಿ ಬೇಕಾದರೆ ಕಡಿದಾದ ಏರಿನಲ್ಲಿ ಒಂದೆರಡು ನಿಮಿಷ ಎದ್ದು ನಿಂತು ತುಳಿಯಬೇಕು. ಒಂದು ನಿಮಿಷದ ತೀವ್ರತೆಯಲ್ಲಿ ಕುಸ್ತಿ ಮೇಲು. ನಾಲ್ಕು ತಾಸಿನ ಒಟ್ಟು ದುಡಿತದಲ್ಲಿ ಸೈಕಲಿಗೆ ಸರಿಸಾಟಿ ಕಡಿಮೆ.

ಎದೆಬಡಿತ ನೋಡಿ ಹೋಲಿಸುವವರಿಗೆ ಒಂದು ಎಚ್ಚರಿಕೆ: ಅದೇ ವ್ಯಕ್ತಿಯ ಗರಿಷ್ಠ ಬಡಿತ ಸೈಕಲಿನಲ್ಲಿ ಓಟಕ್ಕಿಂತ 5ರಿಂದ 10 ಕಡಿಮೆ ಇರುವುದು ಸಾಮಾನ್ಯ, ಕೆಲಸ ಮಾಡುವ ಸ್ನಾಯುಗಳೇ ಕಡಿಮೆ. ಓಟದ ಎದೆಬಡಿತದ ವಲಯಗಳನ್ನು ಸೈಕಲಿಗೆ ಹಾಗೇ ಹಚ್ಚಬೇಡಿ.

ಗದಗ ಪೆಡಲ್:
ನೀವೆಲ್ಲಾ ಗಾಳಿ ಇಲ್ಲದ ರಸ್ತೆದ್ದು ಲೆಕ್ಕಾ ಹೇಳಾಕತ್ತೀರಿ. ನಮ್ಮ ಕಡೆ ಗಾಳಿನ ಮುಖ್ಯ. ಕಪ್ಪತಗುಡ್ಡದ ಮ್ಯಾಲೆ ಗಾಳಿಯಂತ್ರ ಸುಮ್ಮನ ನಿಂದರಿಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣ ಗಾಳಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮ್ಯಾಲೆ ಗದಗಕ್ಕ ಬರೂದು ಹೂ ಎತ್ತಿದಂಗ, ಹೊಳ್ಳಿ ಹೋಗೂದು ಜೀವ ಹಿಂಡತೈತಿ. ಎರಡೂ ಕಡೆ ಎರಿ ಹೊಲ, ಗಾಳಿ ತಡಿಯಾಕ ಗಿಡ ಇಲ್ಲ.

ಎದುರಿಗೆ 15 ಕಿ.ಮೀ. ಗಾಳಿ ಇದ್ದರ 20ರ ವೇಗಕ್ಕ 90 ಅಲ್ಲ, 180 ವ್ಯಾಟ್ ಬೇಕು. ಪೂರಾ ಎರಡು ಪಟ್ಟು. ವೇಗ 15ಕ್ಕ ಇಳಿಸಿದ್ರ 110ಕ್ಕ ಬರತೈತಿ. ಹಂಗಾಗಿ ಮೀಟರ್ ನೋಡಿ ವೇಗ ಹಿಡೀಬ್ಯಾಡ್ರಿ, ಉಸಿರು ನೋಡಿ ಶ್ರಮ ಹಿಡೀರಿ. ಮಳಿಗಾಲದಾಗ ಗದಗಿನವರು ಮೊದಲು ಹುಬ್ಬಳ್ಳಿ ದಿಕ್ಕಿಗೆ ಹೋಗ್ರಿ; ದಣದಾಗ ಗಾಳಿ ಬೆನ್ನಿಗೆ ಸಿಗತೈತಿ. ಮೊಣಕೈ ಮಡಚಿ ತಗ್ಗಿ ಕುಂದರ್ರಿ. ಮುಂದಿನವನ ಗಾಲಿ ಹಿಂದ ಹೋದ್ರ ಕಾಲು ಭಾಗದಷ್ಟು ಶ್ರಮ ಉಳೀತೈತಿ, ಆದರ ಹೈವೇದಾಗ ಲಾರಿ ಹಿಂದ ಈ ಆಟ ಬ್ಯಾಡ.

ಮಳಿ ಬಿದ್ದ ಮ್ಯಾಲೆ ಎರಿ ದಾರಿಗೆ ಇಳೀಲೇಬ್ಯಾಡ್ರಿ. ನೂರು ಮೀಟರಿನಾಗ ಮಣ್ಣು ಬ್ರೇಕು, ಫೋರ್ಕಿನ ನಡುವ ಗಟ್ಟಿ ಕುಂತು ಗಾಲಿ ತಿರಗೂದಿಲ್ಲ. ಹಂಗ ತುಳದ್ರ ಹಿಂದಿನ ಡಿರೇಲರ್ (ಚೈನ್ ಸರಿಸಿ ಗೇರ್ ಬದಲಿಸೋ ಭಾಗ) ಮುರೀತೈತಿ. ಇಳದು, ಕಡ್ಡೀಲೆ ಮಣ್ಣು ಕೆರದು, ಎತ್ಕೊಂಡು ಡಾಂಬರಿಗೆ ಬರೂದ ದಾರಿ.

ನೀರು: 750 ಎಂ.ಎಲ್. ಬಾಟಲಿಗೆ 6 ಚಮಚ ಸಕ್ಕರಿ, ಕಾಲು ಚಮಚ ಉಪ್ಪು, ಅರ್ಧ ಲಿಂಬಿ. ತಾಸಿಗೆ ಒಂದು ಬಾಟಲಿ. ಒಂದೂವರಿ ತಾಸು ದಾಟಿದ್ರ ತಾಸಿಗೊಂದು ಬಾಳಿಹಣ್ಣು ಕೂಡಸ್ರಿ. ಶೇಂಗಾ ಚಿಕ್ಕಿ ಚಲೋ, ಆದರ ಎಣ್ಣಿ ಅಂಶ ಪಚನ ಆಗಾಕ ತಡ ಆಗತೈತಿ, ಮನಿಗೆ ಬಂದ ಮ್ಯಾಲೆ ತಿನ್ರಿ.

ಉಣಕಲ್ ದಂಡೆ:
ಸೈಕಲ್ ಕಷ್ಟ ಎನ್ನುವವರಲ್ಲಿ ಅರ್ಧ ಜನರ ಕಷ್ಟ ಸೀಟಿನದ್ದು. ಚಪ್ಪಲಿ ಬಿಚ್ಚಿ ಗೋಡೆಗೆ ಬೆನ್ನು ಹಚ್ಚಿ ನಿಂತು, ತೊಡೆಸಂದಿಯಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 70.6, ಎರಡೂ ಪೆಡಲ್ ತೋಳುಗಳು ಸೇರಿ ತಿರುಗುವ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿರಬೇಕು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ಒಂದು ಸಲಕ್ಕೆ 5 ಮಿ.ಮೀ. ಮೀರಿ ಬದಲಿಸಬೇಡಿ. ಗುಬ್ಬಿ ಟೈರ್ ತೆಗೆದು ನುಣುಪು ಟೈರ್ ಹಾಕಿದರೆ 20ರ ವೇಗದಲ್ಲೇ 15ರಿಂದ 20 ವ್ಯಾಟ್ ಉಳಿಯುತ್ತದೆ. ಪೆಡಲ್ ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಲಿ.

ನವಲೂರ ಏರು:
ಲೆಕ್ಕ ತಿಳೀತು, ಭಾಳ ಉಪಕಾರ. ಇನ್ನೊಂದು: ಗೇರ್ ಇಲ್ಲದ ಹಳೇ ಕರಿ ಸೈಕಲ್ ಮ್ಯಾಲೆ ಇದ ರಸ್ತೆ ಏರಿದ್ರ?

ಉಣಕಲ್ ದಂಡೆ:
ಅಲ್ಲಿ ಸೋಲುವುದು ಎದೆಯಲ್ಲ, ಮಂಡಿ. ಚೈನ್ ಚಕ್ರಗಳ ಹಲ್ಲು ಎಣಿಸಿ: ಮುಂದೆ 44, ಹಿಂದೆ 18 ಇದ್ದರೆ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಹೋಗುತ್ತದೆ. ಸಮತಟ್ಟಿನಲ್ಲಿ 20ರ ವೇಗಕ್ಕೆ 62 ಸುತ್ತು, ತೊಂದರೆ ಇಲ್ಲ. ನೂರಕ್ಕೆ ಐದರ ಏರಿನಲ್ಲಿ ವೇಗ 10ಕ್ಕೆ ಇಳಿದಾಗ ನಿಮಿಷಕ್ಕೆ 31 ಸುತ್ತು ಮಾತ್ರ, ಅಷ್ಟರಲ್ಲೇ 150 ವ್ಯಾಟಿಗೂ ಮೇಲೆ ಕೊಡಬೇಕು. ಒಂದೊಂದು ತುಳಿತದ ಬಲ ಗೇರ್ ಸೈಕಲಿನ ಎರಡು ಪಟ್ಟಿಗಿಂತ ಹೆಚ್ಚು. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಅದು 38 ಸುತ್ತಿಗೆ ಬರುತ್ತದೆ; ಚೈನ್ ಸಾಲದೆ ಬರಬಹುದು, ಒಂದು ಜೋಡಿ ಕೊಂಡಿ ಕೂಡಿಸಲು ಅಂಗಡಿಯಲ್ಲಿ ಮೊದಲೇ ಹೇಳಿ.