ಮನೆಯಲ್ಲೇ ಕಟ್ಟಿದ ನೌಕೆ ಚಂದ್ರನ ತನಕ ಹೋಗಬೇಕು, ಶಕ್ತಿ ಎಲ್ಲಿಂದ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಒಬ್ಬರು ಕೂರುವಂಥ ನೌಕೆಯ ನಕ್ಷೆ ಹಾಕುತ್ತಿದ್ದೇನೆ. ಗುರಿ ಚಂದ್ರ. ಗಾಳಿ, ನೀರಿನ ಲೆಕ್ಕ ಒಂದು ಮಟ್ಟಕ್ಕೆ ಬಂದಿದೆ, ಶಕ್ತಿಯ ವಿಷಯದಲ್ಲಿ ಮಾತ್ರ ನಿಂತುಬಿಟ್ಟಿದ್ದೇನೆ. ಎಲೆಕ್ಟ್ರಿಕ್ ಕಾರಿನ ಲಿಥಿಯಂ ಬ್ಯಾಟರಿ, ಸೋಲಾರ್ ಪ್ಯಾನೆಲ್, ಅಯಾನ್ ಎಂಜಿನ್ (ಕರೆಂಟಿನಿಂದ ಅನಿಲದ ಕಣಗಳನ್ನು ಹಿಂದಕ್ಕೆ ಚಿಮ್ಮಿಸಿ ತಳ್ಳುವ ಎಂಜಿನ್) ಇಷ್ಟರಲ್ಲೇ ನೆಲದಿಂದ ಚಂದ್ರನವರೆಗೆ ಹೋಗಬಹುದಾ? ಸೀಮೆಎಣ್ಣೆ, ದ್ರವ ಆಮ್ಲಜನಕ ಮುಟ್ಟದೆ ಏನಾದರೂ ದಾರಿ ಇದೆಯಾ?

ಉತ್ತರ 1:
ನೌಕೆಯನ್ನು ತಳ್ಳುವ ಶಕ್ತಿ ಬೇರೆ, ಒಳಗಿನ ದೀಪ, ಫ್ಯಾನ್, ರೇಡಿಯೋ ನಡೆಸುವ ಕರೆಂಟ್ ಬೇರೆ. ನೀವು ಎರಡನ್ನೂ ಸೇರಿಸಿ ಕೇಳಿದ್ದೀರಿ, ಮೊದಲು ಬೇರೆ ಮಾಡಿಕೊಳ್ಳಿ.

ತಳ್ಳುವ ಲೆಕ್ಕ ನೋಡಿ. ಭೂಮಿಯ ಹತ್ತಿರದ ಕಕ್ಷೆಯಲ್ಲಿ ಸುತ್ತಲು ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು. ಆ ವೇಗಕ್ಕೆ ಕಿಲೋಗೆ 30 ಮೆಗಾಜೂಲ್ ಶಕ್ತಿ. ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ ಕಿಲೋಗೆ ಇರುವುದು 0.9 ಮೆಗಾಜೂಲ್ ಅಷ್ಟೇ. ತನ್ನ ತೂಕವನ್ನೇ ಒಯ್ಯಲು ಬೇಕಾದ್ದರಲ್ಲಿ ಮೂವತ್ತರ ಒಂದು ಪಾಲು! ಸೀಮೆಎಣ್ಣೆ ಮತ್ತು ಆಮ್ಲಜನಕ ಎರಡರ ತೂಕವನ್ನೂ ಸೇರಿಸಿ ನೋಡಿದರೆ ಅಲ್ಲೂ ಕಿಲೋಗೆ ಹತ್ತು ಚಿಲ್ಲರೆ ಮೆಗಾಜೂಲ್ ಮಾತ್ರ, ಆದರೂ ರಾಕೆಟ್ ಹೋಗುತ್ತದೆ, ಯಾಕೆಂದರೆ ಉರಿದದ್ದನ್ನೆಲ್ಲ ಹಿಂದಕ್ಕೆ ಎಸೆದು ಅದು ಹಗುರಾಗುತ್ತಾ ಹೋಗುತ್ತದೆ. ಬ್ಯಾಟರಿ ಖಾಲಿಯಾದರೂ ತೂಕ ಅಷ್ಟೇ ಇರುತ್ತದೆ, ಅಲ್ವಾ?

ಬ್ಯಾಟರಿಗೆ ಒಂದು ಜಾಗ ಇದೆ. ಎಲೆಕ್ಟ್ರಾನ್ ಎಂಬ ಹೆಸರಿನ ಸಣ್ಣ ರಾಕೆಟ್‌ನಲ್ಲಿ ಇಂಧನದ ಪಂಪ್ ತಿರುಗಿಸುವುದು ಬ್ಯಾಟರಿಯೇ. ಅಲ್ಲೂ ಉರಿಯುವುದು ಸೀಮೆಎಣ್ಣೆ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕ.

ಉತ್ತರ 2:
ಅಯಾನ್ ಎಂಜಿನ್ ಬಗ್ಗೆ. ಯುರೋಪಿನ ಸ್ಮಾರ್ಟ್-1 ನೌಕೆ ಅದರಲ್ಲೇ ಚಂದ್ರನಿಗೆ ಹೋಯಿತು. 2003ರ ಸೆಪ್ಟೆಂಬರ್‌ನಲ್ಲಿ ಹೊರಟು 2004ರ ನವೆಂಬರ್‌ನಲ್ಲಿ ತಲುಪಿತು. ಅದರ ತಳ್ಳು ಸುಮಾರು 0.07 ನ್ಯೂಟನ್, ಅಂಗೈ ಮೇಲೆ ಏಳು ಗ್ರಾಂ ಇಟ್ಟಷ್ಟು. ಹಾಗಾಗಿ ನೆಲ ಬಿಟ್ಟು ಏಳಲು ಇದು ಆಗುವುದೇ ಇಲ್ಲ. ಸ್ಮಾರ್ಟ್-1ನ್ನೂ ಮೊದಲು ಮೇಲೆ ಒಯ್ದದ್ದು ದೊಡ್ಡ ರಾಕೆಟ್. ಜೊತೆಗೆ ಒಳಗೆ ಮನುಷ್ಯ ಇದ್ದರೆ ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳನ್ನು ಅಷ್ಟು ನಿಧಾನವಾಗಿ, ಮತ್ತೆ ಮತ್ತೆ ದಾಟುವುದು ಪ್ರಾಣಕ್ಕೇ ಅಪಾಯ.

ಪ್ರಶ್ನೆ ಕೇಳಿದವರು:
ಈಗ ಸ್ಪಷ್ಟವಾಯಿತು, ಥ್ಯಾಂಕ್ಸ್. ಹಾಗಾದರೆ ಮಾಮೂಲಿ ಇಂಧನವೇ ಆದರೆ ಎಷ್ಟು ಬೇಕು? ಹವ್ಯಾಸಿಗಳು ಬಾಹ್ಯಾಕಾಶ ಮುಟ್ಟಿದ್ದಾರೆ ಅಂತ ಓದಿದ್ದೆ.

ಉತ್ತರ 1:
ಮುಟ್ಟಿದ್ದಾರೆ, 2004ರಲ್ಲೇ 100 ಕಿ.ಮೀ. ದಾಟಿದ್ದಾರೆ. ಆದರೆ ಅದು ನೆಟ್ಟಗೆ ಮೇಲೆ ಹೋಗಿ ಕೆಳಗೆ ಬರುವುದು. ಗಾಳಿಯ ಎಳೆತ, ಗುರುತ್ವ ಎಳೆಯುವುದರಿಂದ ಆಗುವ ನಷ್ಟ ಸೇರಿಸಿದರೆ ಕಕ್ಷೆಗೆ ಬೇಕಾದ ವೇಗದ ಲೆಕ್ಕ ಸೆಕೆಂಡಿಗೆ 9.4 ಕಿ.ಮೀ. ಆಗುತ್ತದೆ. ಸೀಮೆಎಣ್ಣೆ ರಾಕೆಟ್‌ನಲ್ಲಿ ನೆಲ ಬಿಡುವ 17 ಕಿಲೋದಲ್ಲಿ ಕಕ್ಷೆಗೆ ಉಳಿಯುವುದು ಒಂದು ಕಿಲೋ, ಟ್ಯಾಂಕು, ಎಂಜಿನ್ ಎಲ್ಲ ಅದರಲ್ಲೇ ಬಂತು. ಅದಕ್ಕೇ ಹಂತ ಹಂತವಾಗಿ ಕಳಚುವುದು. ಅಲ್ಲಿಂದ ಚಂದ್ರನ ಕಡೆಗೆ ಸೆಕೆಂಡಿಗೆ ಇನ್ನೂ 3.1 ಕಿ.ಮೀ., ಅಲ್ಲಿ ಸುತ್ತಲು 0.9, ಇಳಿಯಲು 1.9. ವಾಪಸ್ ಬರುವುದು ಬೇರೆ. ಇಬ್ಬರನ್ನು ಇಳಿಸಲು ಅಮೆರಿಕದ ಅಪೊಲೊ ಚಂದ್ರಯಾತ್ರೆಯ ಸ್ಯಾಟರ್ನ್ 5 ರಾಕೆಟ್ ಹತ್ತಿರ ಹತ್ತಿರ 3,000 ಟನ್ ತೂಗುತ್ತಿತ್ತು. ದಯವಿಟ್ಟು ಮನೆಯಲ್ಲಿ ಇಂಧನ ಬೆರೆಸಲು ಹೋಗಬೇಡಿ. ದ್ರವ ಆಮ್ಲಜನಕ ಮೈನಸ್ 183 ಡಿಗ್ರಿಯಲ್ಲಿರುತ್ತದೆ, ಸ್ವಲ್ಪ ಜಿಡ್ಡು ತಗುಲಿದರೂ ಸಿಡಿಯಬಹುದು.

ಉತ್ತರ 3:
ಮನೆಯಲ್ಲಿ ನಿಜವಾಗಿ ಮಾಡಬಹುದಾದದ್ದು ಕರೆಂಟಿನ ಭಾಗ, ನನಗೆ ಜಾಸ್ತಿ ಇಷ್ಟವಾದದ್ದೂ ಅದೇ. ಅಪೊಲೊದಲ್ಲಿ ಮೂರು ಫ್ಯುಯೆಲ್ ಸೆಲ್ ಇದ್ದವು. ಹೈಡ್ರೋಜನ್, ಆಮ್ಲಜನಕ ಸೇರಿ ಕರೆಂಟೂ ಬರುತ್ತಿತ್ತು, ಕುಡಿಯುವ ನೀರೂ ಬರುತ್ತಿತ್ತು. 1970ರಲ್ಲಿ ಅಪೊಲೊ 13ರ ಆಮ್ಲಜನಕದ ಟ್ಯಾಂಕ್ ಸಿಡಿದಾಗ ಆ ಸೆಲ್‌ಗಳೂ ಹೋದವು. ಇಳಿಯಲು ಇಟ್ಟಿದ್ದ ನೌಕೆಯ ಬ್ಯಾಟರಿಗಳೇ ಮೂವರನ್ನೂ ಬದುಕಿಸಿದವು. ಆದ್ದರಿಂದ ಒಂದೇ ಮೂಲವನ್ನು ನಂಬಬೇಡಿ.

ಬಾಹ್ಯಾಕಾಶದಲ್ಲಿ ಬಿಸಿಲು ಚದರ ಮೀಟರಿಗೆ ಸುಮಾರು 1,361 ವ್ಯಾಟ್. 30 ಶೇಕಡಾ ದಕ್ಷತೆಯ ಪ್ಯಾನೆಲ್ ಸೂರ್ಯನಿಗೆ ನೇರವಾಗಿದ್ದರೆ 400 ವ್ಯಾಟ್ ಸಿಗುತ್ತದೆ. ತೊಡಕು ಚಂದ್ರನ ರಾತ್ರಿ. ಅದು ನಮ್ಮ 14 ದಿನ, ಭಯಂಕರ ಚಳಿ. 2023ರಲ್ಲಿ ಚಂದ್ರಯಾನ-3ರ ವಿಕ್ರಮ್ ಒಂದು ಹಗಲು ಚೆನ್ನಾಗಿ ಕೆಲಸ ಮಾಡಿತು, ರಾತ್ರಿ ಕಳೆದ ಮೇಲೆ ಏಳಲಿಲ್ಲ.

ಯಾವ ಉಪಕರಣಕ್ಕೆ ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಅಂತ ಬರೆದು ಇಲ್ಲಿ ಹಾಕಿ. ಪ್ಯಾನೆಲ್ ಎಷ್ಟು, ಬ್ಯಾಟರಿ ಎಷ್ಟು ಅಂತ ಕೂತು ಲೆಕ್ಕ ಹಾಕೋಣ.