ಪದಚರ್ಚೆ: ‘ಸಾವಿನ್’ ಹಬ್ಬಕ್ಕೂ ನಮ್ಮ ಸಾವಿಗೂ ನಂಟಿದೆಯೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಅಕ್ಕನ ಮಗಳು ಡಬ್ಲಿನ್‌ನಲ್ಲಿದ್ದಾಳೆ. ಮೊನ್ನೆ ವಾಟ್ಸಾಪ್‌ನಲ್ಲಿ ಅವಳ ದನಿ ಬಂತು. “ಮಾಮ, ಇಲ್ಲಿ ಸಾವಿನ್ ಹಬ್ಬ, ಮಕ್ಕಳಿಗೆ ಒಂದು ವಾರ ರಜ.” ಎದೆ ಧಸಕ್ಕೆಂದಿತು. ಸಾವಿನ ಹಬ್ಬಕ್ಕೆ ರಜ ಯಾರು ಕೊಡ್ತಾರೆ? ಬರೆದು ಕಳಿಸು ಅಂದ ಮೇಲೆ ಗೊತ್ತಾಯಿತು, ಅಕ್ಟೋಬರ್ 31ರ ಹ್ಯಾಲೋವೀನ್ ದಿನಕ್ಕೆ ಬರುವ ಹಳೆಯ ಐರಿಷ್ ಹಬ್ಬದ ಹೆಸರು ಅದು. ಇಂಗ್ಲಿಷ್‌ನಲ್ಲಿ ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿದರೆ ‘ಸಮ್‌ಹೈನ್’ ಆಗುತ್ತದೆ. ನಾನೂ ಇಷ್ಟು ವರ್ಷ ಹಾಗೇ ಓದಿಕೊಂಡಿದ್ದೆ.

ಅಲ್ಲಿನ ಕನ್ನಡ ಮಕ್ಕಳಿಗಾಗಿ ಅವಳು ಈ ಹಬ್ಬದ ಬಗ್ಗೆ ಒಂದು ಪುಟ ಬರೆಯಬೇಕಂತೆ. ನವೆಂಬರ್ 1 ಅಂದರೆ ರಾಜ್ಯೋತ್ಸವವೂ ಹೌದಲ್ವಾ, ಅವತ್ತೇ ಓದಿಸುತ್ತಾರೆ. ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಲಿ ಅಂತ ಕೇಳಿದಳು. ಸುಲಭ ಅಂದುಕೊಂಡು ಕೂತೆ, ಎರಡು ಸಂಜೆ ಹೋಯಿತು.

ಮೊದಲು ಉಚ್ಚಾರ. ಹಳೆಯ ಐರಿಷ್ ಲಿಪಿಯಲ್ಲಿ ‘ಎಂ’ ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಇದನ್ನು ಗಟ್ಟಿಯಾಗಿ ‘ಮ’ ಅನ್ನಬೇಡ, ಮೆತ್ತಗೆ ‘ವ’ ಅನ್ನು ಅಂತ ಅದರ ಅರ್ಥ. ಅಚ್ಚಿಗೆ ರೋಮನ್ ಅಕ್ಷರಗಳು ಬಂದಾಗ ಚುಕ್ಕೆ ಹೋಗಿ ಪಕ್ಕದಲ್ಲಿ ‘ಎಚ್’ ಬಂತು. ಆ ಎಚ್ ಬರೀ ಗುರುತು, ಹಕಾರ ಅಲ್ಲ. ಹಾಗಾಗಿ ‘ಸಮ’ ಅನ್ನುವುದು ‘ಸವ’ ಆಗಿ, ಬಾಯಲ್ಲಿ ಸವೆದು ‘ಸೌ’ ಆಯಿತು. ಊರಿಂದೂರಿಗೆ ಸಾವಿನ್, ಸೌವಿನ್, ಸೌನ್ ಅಂತ ಕೇಳಿಸುತ್ತದೆ.

ಇದು ನಮಗೆ ಹೊಸದೇನಲ್ಲ. ಶಾಸನಗಳ ‘ಗಾಮುಂಡ’ ಮುಂದೆ ‘ಗಾವುಂಡ’ ಆಗಿ, ಈಗ ಮನೆಮನೆಯ ‘ಗೌಡ’ ಆಗಿಲ್ವೇ? ಮ, ವ, ಔ. ಅದೇ ದಾರಿ. ‘ಕುಮಾರ’ ‘ಕುವರ’ ಆದದ್ದೂ ಹಾಗೇ. ಇನ್ನೊಂದು ಮಜ ನೋಡಿ. ಹ್ಯಾಲೋವೀನ್ ರಾತ್ರಿಗೆ ಐರಿಷ್‌ನಲ್ಲಿ ‘ಈಹ ಹೌನ’ ಅನ್ನುತ್ತಾರೆ. ‘ಈಹ’ ಅಂದರೆ ರಾತ್ರಿ. ‘ಹೌನ’ ಬೇರೆ ಪದವಲ್ಲ, ಇದೇ ಸಾವಿನ್. ಷಷ್ಠಿಯಲ್ಲಿ ‘ಸ’ ಮೆತ್ತಗಾಗಿ ‘ಹ’ ಆಗಿದೆ. ‘ಪಾಲು’ ‘ಹಾಲು’ ಆದದ್ದನ್ನು ಕಂಡವರು ನಾವು, ಇದಕ್ಕೆ ಬೆರಗಾಗಬೇಕಿಲ್ಲ.

ಇನ್ನು ಸಾವಿನ ಸಂಗತಿ. ಸತ್ತವರು ಆ ರಾತ್ರಿ ಮನೆಗೆ ಬರುತ್ತಾರೆ ಎಂಬ ನಂಬಿಕೆ ಅಲ್ಲಿ ಇದ್ದದ್ದರಿಂದ, ಇದು ನಮ್ಮ ‘ಸಾವು’ ಪದವೇ ಅಂತ ಯಾರಾದರೂ ಹೊರಟಾರು. ಮೊದಲ ದಿನ ನಾನೇ ಹೊರಟಿದ್ದೆ! ಆದರೆ ನಮ್ಮದು ‘ಸಾಯ್’ ಧಾತು, ತಮಿಳಿನ ‘ಚಾ’ ಜೊತೆಗೆ ಬರುವಂಥದು, ‘ಇನ’ ವಿಭಕ್ತಿ. ಐರಿಷ್‌ನಲ್ಲಿ ಸಾವಿಗೆ ‘ಬಾಸ್’ ಎಂಬ ಬೇರೆಯೇ ಪದವಿದೆ. ದನಿ ಒಂದಾದದ್ದು ಬರೀ ಆಕಸ್ಮಿಕ.

ಹಾಗಾದರೆ ಸಾವಿನ್ ಅಂದರೇನು? ಮಧ್ಯಕಾಲದ ಐರಿಷ್ ಪಂಡಿತರು ಅದನ್ನು ‘ಬೇಸಗೆಯ ಕೊನೆ’ ಅಂತ ಬಿಡಿಸಿದರು. ಅರ್ಥ ಹೊಂದುತ್ತದೆ. ಮೇ 1ರ ಬೆಲ್ಟೇನ್ ಹಬ್ಬದ ಹೊತ್ತಿಗೆ ಗುಡ್ಡ ಹತ್ತಿಸಿದ ದನಗಳನ್ನು ಈ ಹೊತ್ತಿಗೆ ಕೆಳಗಿಳಿಸುತ್ತಿದ್ದರು, ಚಳಿಗಾಲಕ್ಕೆ ಸಾಕಲಾಗದವನ್ನು ಕಡಿಯುತ್ತಿದ್ದರು. ಈಗಿನವರು ಪೂರ್ತಿ ಒಪ್ಪುವುದಿಲ್ಲ. ‘ಜನ ಸೇರುವುದು’ ಎಂಬ ಮೂಲದಿಂದ ಬಂತು ಅನ್ನುವವರಿದ್ದಾರೆ. ಬೇಸಗೆಯ ‘ಸಮ್’ ನಿಜವಾದರೆ ಅದು ಇಂಗ್ಲಿಷಿನ ‘ಸಮ್ಮರ್’ಗೂ, ಸಂಸ್ಕೃತದಲ್ಲಿ ವರ್ಷಕ್ಕೆ ಹೇಳುವ ‘ಸಮಾ’ ಪದಕ್ಕೂ ನೆಂಟ. ‘ಶತಂ ಸಮಾಃ’ ಅಂದರೆ ನೂರು ವರ್ಷ. 1897ರಲ್ಲಿ ಫ್ರಾನ್ಸಿನ ಕೊಲಿಞಿಯಲ್ಲಿ ಸಿಕ್ಕಿದ, ಐರಿಷರ ನುಡಿನೆಂಟರಾದ ಹಳೆಯ ಸೆಲ್ಟ್ ಜನರ ಕಂಚಿನ ಪಂಚಾಂಗದ ಚೂರುಗಳಲ್ಲೂ ‘ಸಮೊನಿಯೊಸ್’ ಎಂಬ ತಿಂಗಳಿದೆ. ಅದು ಬೇಸಗೆಯದೋ ಚಳಿಗಾಲದ್ದೋ ಅಂತ ವಿದ್ವಾಂಸರು ಇನ್ನೂ ಜಗಳ ಆಡುತ್ತಿದ್ದಾರೆ.

ಹ್ಯಾಲೋವೀನ್ ಪದ ಇಷ್ಟು ಕಾಡಿಸುವುದಿಲ್ಲ. ‘ಹ್ಯಾಲೋ’ ಹಳೆಯ ಇಂಗ್ಲಿಷ್‌ನಲ್ಲಿ ಸಂತ, ‘ಈನ್’ ಅಂದರೆ ಸಂಜೆ. ಟೊಳ್ಳು ಎಂಬ ‘ಹಾಲೋ’ ಇದಲ್ಲ, ಅವತ್ತು ಕುಂಬಳಕಾಯಿಯಲ್ಲಿ ಮುಖ ಕೊರೆಯುವುದಕ್ಕೂ ಹೆಸರಿಗೂ ಸಂಬಂಧವಿಲ್ಲ. ನಮ್ಮ ಚರ್ಚುಗಳಲ್ಲಿ ನವೆಂಬರ್ 1ಕ್ಕೆ ‘ಸಕಲ ಸಂತರ ಹಬ್ಬ’ ಅನ್ನುತ್ತಾರಲ್ಲ, ಅದರ ಮುನ್ನಾ ಸಂಜೆ ಇದು. ಸೆಲ್ಟರಿಗೂ ದಿನ ಶುರುವಾಗುವುದು ಕತ್ತಲಾದಾಗ. ಗಾಲ್ ಜನ, ಅಂದರೆ ಈಗಿನ ಫ್ರಾನ್ಸ್ ಕಡೆಯ ಸೆಲ್ಟರು, ಹಗಲಲ್ಲ, ರಾತ್ರಿಗಳನ್ನು ಎಣಿಸುತ್ತಾರೆ ಅಂತ ಜೂಲಿಯಸ್ ಸೀಸರನೇ ಬರೆದಿದ್ದಾನೆ. ಹಾಗಾಗಿ ಎರಡೂ ಹಬ್ಬ ಅಕ್ಟೋಬರ್ 31ರ ಸಂಜೆಗೇ ಬಂದು ಕೂತಿವೆ.

ನಮ್ಮಲ್ಲಿ ಕೆಲವರು ಹ್ಯಾಲೋವೀನನ್ನು ‘ಭೂತಗಳ ಹಬ್ಬ’ ಅನ್ನುತ್ತಾರೆ. ನನಗೆ ಹಿಡಿಸುವುದಿಲ್ಲ. ಉಡುಪಿ ಕಡೆಯವರಿಗೆ ಭೂತ ಅಂದರೆ ಕೈಮುಗಿಯುವ ದೈವ. ‘ದೆವ್ವದ ಹಬ್ಬ’ ವಾಸಿ, ಅದೂ ಅರ್ಧ ನಿಜ. ಮತ್ತೊಂದು ಎಡವಟ್ಟು ತರಕಾರಿಯದು. ಐರ್ಲೆಂಡ್‌ನಲ್ಲಿ ಮೊದಲು ಮುಖ ಕೊರೆಯುತ್ತಿದ್ದದ್ದು ಟರ್ನಿಪ್ ಎಂಬ ದುಂಡು ಗೆಡ್ಡೆಯಲ್ಲಿ. ಮೇಯೋ ಕೌಂಟಿಯ ಮ್ಯೂಸಿಯಂನಲ್ಲಿ ಅಂಥದೊಂದು ಮುಖದ ಅಚ್ಚು ಇಟ್ಟಿದ್ದಾರೆ, ಸುಕ್ಕುಗಟ್ಟಿ ಹಲ್ಲು ಕಿರಿಯುತ್ತದೆ, ನಿಜಕ್ಕೂ ಹೆದರಿಕೆ ಬರುತ್ತದೆ. ಕುಂಬಳಕಾಯಿಯದು ಐರಿಷರು ಅಮೆರಿಕಕ್ಕೆ ಹೋದ ಮೇಲಿನ ಕಥೆ. ಟರ್ನಿಪ್ ಅನ್ನು ದಯವಿಟ್ಟು ನವಿಲುಕೋಸು ಮಾಡಬೇಡಿ, ಅದು ಬೇರೆ. ಕುಂಬಳವೂ ಸಿಹಿಗುಂಬಳ. ಬರೀ ಕುಂಬಳಕಾಯಿ ಅಂದರೆ ದೃಷ್ಟಿಗೆ ಕಟ್ಟುವ ಬೂದುಗುಂಬಳ ಅಂದುಕೊಳ್ಳುವವರೂ ಇದ್ದಾರೆ.

ಅಂದಿನ ತಿಂಡಿಯ ಹೆಸರು ‘ಬ್ರ್ಯಾಕ್’. ಒಣದ್ರಾಕ್ಷಿ ಹಾಕಿದ ದುಂಡು ಬ್ರೆಡ್ಡು. ಐರಿಷ್‌ನಲ್ಲಿ ‘ಬ್ರ್ಯಾಕ್’ ಅಂದರೆ ಚುಕ್ಕೆಚುಕ್ಕೆಯದು. ಒಳಗೆ ಉಂಗುರ ಇಟ್ಟು ಬೇಯಿಸುತ್ತಾರೆ, ಅದು ಸಿಕ್ಕವರಿಗೆ ವರ್ಷದೊಳಗೆ ಮದುವೆ. ಈ ಸಲ ಸಿಕ್ಕಿದ್ದು ಅವಳ ಏಳು ವರ್ಷದ ಮಗನಿಗೆ. ಕಚ್ಚಿದಾಗ ಕಟಕ್ ಅಂದಿತಂತೆ. ಉಂಗುರ ಬಿಸಾಕಿ, “ನಂಗೆ ಬೇಡ” ಅಂತ ಮೇಜಿನ ಕೆಳಗೆ ಹೋಗಿ ಕೂತನಂತೆ.

ಈಗ ನನ್ನ ಪ್ರಶ್ನೆ. ಉಚ್ಚಾರಕ್ಕೆ ಹತ್ತಿರ ‘ಸಾವಿನ್’. ಆದರೆ ‘ಸಾವಿನ್ ರಾತ್ರಿ’ ಅಂತ ಬರೆದರೆ ಓದುವವರು ಅರ್ಧಾಕ್ಷರ ನುಂಗಿ ‘ಸಾವಿನ ರಾತ್ರಿ’ ಅಂತಲೇ ಓದುತ್ತಾರೆ. ರಾಜ್ಯೋತ್ಸವದ ದಿನ ವೇದಿಕೆ ಮೇಲೆ ಅದು ಬೇಡ. ಸದ್ಯಕ್ಕೆ ‘ಸೌವಿನ್’ ಅಂತ ಹೇಳಿಕೊಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ. ಜೊತೆಗೆ, ಹ್ಯಾಲೋವೀನ್‌ಗೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ತಿಂಡಿ ಕೇಳುವುದಕ್ಕೆ ನಿಮ್ಮೂರಲ್ಲಿ ಒಂದೇ ಪದ ಇದೆಯಾ? ನಾನು ‘ವೇಷದ ತಿರುಗಾಟ’ ಅಂತ ಬರೆದಿದ್ದೇನೆ, ಯಾಕೋ ಯಕ್ಷಗಾನ ಮೇಳ ಹೊರಟ ಹಾಗಿದೆ.