ಗುಳೆ, ವಲಸೆ ಎರಡೂ ಒಂದೇನಾ?

ಗೆಳೆಯರೇ,

ಪತ್ರಿಕೆಗಳಲ್ಲಿ ತಲೆಬರಹಕ್ಕೆ ‘ಗುಳೆ’, ಒಳಗಿನ ಸುದ್ದಿಗೆ ‘ವಲಸೆ’ ಅಂತ ಬರೆಯುವುದನ್ನು ನೀವೂ ನೋಡಿರುತ್ತೀರಿ. ಮೊನ್ನೆ ನನ್ನ ಲೇಖನವೊಂದರಲ್ಲಿ ಗುಳೆ ಇದ್ದ ಕಡೆಯೆಲ್ಲ ತಿದ್ದುವವರು ವಲಸೆ ಹಾಕಿದರು. ‘ಎರಡೂ ಒಂದೇ ಅಲ್ವಾ?’ ಅಂದರು. ನನಗೆ ಹಾಗನ್ನಿಸುವುದಿಲ್ಲ.

ನಮ್ಮ ತಾಯಿಯ ಊರು ರಾಯಚೂರು ಜಿಲ್ಲೆಯ ದೇವದುರ್ಗದ ಹತ್ತಿರ. ದೀಪಾವಳಿ ಕಳೆದ ಮೇಲೆ ಹೋಗಿದ್ದೆ. ಓಣಿಯಲ್ಲಿ ನಾಲ್ಕು ಮನೆಗೆ ಬೀಗ. ಕಟ್ಟೆ ಮೇಲಿದ್ದ ಅಜ್ಜಿಯನ್ನು ಕೇಳಿದೆ. “ಗುಳೆ ಹೋಗ್ಯಾರಪ್ಪ, ಬೆಂಗಳೂರಿಗೆ. ಉಗಾದಿಗೆ ಬರ್ತಾರ” ಅಂದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು, ತಾಡಪತ್ರಿ, ಪಾತ್ರೆ, ಮಕ್ಕಳ ಸಮೇತ ಹೊರಟಿದ್ದರಂತೆ. ಮೇಸ್ತ್ರಿ ಕೊಟ್ಟ ಮುಂಗಡ ಹಳೇ ಸಾಲಕ್ಕೇ ಹೋಯಿತಂತೆ. ಅದೇ ಓಣಿಯ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲೇ ಇದ್ದಾನೆ. ಅವನ ಮಾತು ಬಂದಾಗ ಅಜ್ಜಿ “ನೌಕರಿಗೆ ಹೋಗ್ಯಾನ” ಅಂದಳು. ಸೇರಿದ ಊರು ಒಂದೇ, ಪದ ಮಾತ್ರ ಬೇರೆ.

ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ನಂಜುಂಡಪ್ಪ ವರದಿ ‘ಅತ್ಯಂತ ಹಿಂದುಳಿದ’ ಅಂತ ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಮಳೆ ನಂಬಿದ ಹೊಲ ವರ್ಷಪೂರ್ತಿ ಕೂಲಿ ಕೊಡುವುದಿಲ್ಲ. ಗುಳೆ ಅಂದರೆ ಅದೆಲ್ಲ ಬಂತು. ವಲಸೆ ಹಕ್ಕಿಗೂ ಆಗುತ್ತದೆ, ಪಕ್ಷ ಬಿಟ್ಟ ಶಾಸಕರಿಗೂ ಆಗುತ್ತದೆ. ಗುಳೆ ಹಾಗಲ್ಲ. ಹೊಟ್ಟೆಗಿಲ್ಲದೆ ಸಂಸಾರವೇ ಎದ್ದು ಹೋಗಬೇಕು. ತಿರುಗಿ ಬರುವ ಮಾತೂ ಅದರೊಳಗೇ ಇದೆ. 2020ರ ಲಾಕ್‌ಡೌನ್‌ನಲ್ಲಿ ಜನ ಊರಿಗೆ ನಡೆದು ಬಂದಾಗ ಕೆಲವರು ‘ಮರುವಲಸೆ’ ಅಂತ ಬರೆದರು. ಸ್ವಂತ ಮನೆಗೆ ಬಂದವರಿಗೆ ಆ ಪದವಾ? ಓದಿ ತುಂಬಾ ನೋವಾಗಿತ್ತು.

ಈಗ ನನ್ನ ಪ್ರಶ್ನೆ. ‘ಗುಳೆ ಹೋದರು’ ಜೊತೆಗೆ ‘ಗುಳೆ ಎದ್ದರು’ ಅಂತಲೂ ಕೇಳಿದ್ದೇನೆ. ‘ಏಳು’ ಸೇರಿದರೆ ಊರಿಗೆ ಊರೇ ಹೊರಟ ಹಾಗೆ ಕೇಳಿಸುತ್ತದೆ. ಒಬ್ಬನೇ ಹೋದರೆ ನಿಮ್ಮ ಕಡೆ ಗುಳೆ ಅನ್ನುತ್ತಾರಾ? ಗುಳೇದಗುಡ್ಡದ ಹೆಸರಿಗೂ ಈ ಪದಕ್ಕೂ ನಂಟಿದೆಯಾ, ಅಥವಾ ಸುಮ್ನೆ ಕಿವಿಗೆ ಒಂದೇ ಥರ ಕೇಳಿಸುತ್ತದಾ? ಕರಾವಳಿಯವರು ಕಾಫಿ ತೋಟದ ಕೆಲಸಕ್ಕೆ ಹೋಗುವುದನ್ನು ‘ಘಟ್ಟಕ್ಕೆ ಹೋಗುವುದು’ ಅನ್ನುತ್ತಾರೆ. ಹಾಗೆಯೇ ಪಾವಗಡ, ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಕೂಲಿಗೆ ಹೋಗುವುದಕ್ಕೆ ಏನನ್ನುತ್ತಾರೆ? ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೇ ಬರೆಯಿರಿ.